ಎಣ್ಣೆ ಕುಡಿದ ಬಿಳಿಕಲ್ಲು

ಈಗ ನನ್ನ ಅಡುಗೆಮನೆಯಲ್ಲಿರುವುದು ಕರಿ ಗ್ರಾನೈಟ್. ಅದರ ಮೇಲೆ ಹುಣಸೆರಸ ಚೆಲ್ಲಿದರೂ, ಬಿಸಿ ಕುಕ್ಕರ್ ಇಟ್ಟರೂ, ನಿಂಬೆಹೋಳು ಮಗುಚಿಕೊಂಡು ಬಿದ್ದಿದ್ದರೂ, ಒಂದು ಒದ್ದೆ ಬಟ್ಟೆ ಎಳೆದರೆ ಏನೂ ನಡೆದೇ ಇಲ್ಲವೆಂಬಂತೆ ಇರುತ್ತದೆ. ಒಳ್ಳೆಯ ಕಲ್ಲು, ತಕರಾರಿಲ್ಲ. ಆದರೆ ಇಷ್ಟು ವರ್ಷ ಅದರ ಮುಂದೆ ನಿಂತು ಅಡುಗೆ ಮಾಡಿದರೂ ಅದರ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇಲ್ಲ. ಮಾತಿರುವುದೆಲ್ಲ ನಮ್ಮ ಅಮ್ಮನ ಬಿಳಿಕಲ್ಲಿನ ಬಗ್ಗೆ. ಅದು ನಮ್ಮ ಮನೆಯಲ್ಲಿದ್ದಷ್ಟು ದಿನ ಯಾರನ್ನೂ ನೆಮ್ಮದಿಯಾಗಿ ಬಿಡಲಿಲ್ಲ. ಆದರೂ ಊರಿನ ನೆನಪಾದಾಗ ಕಣ್ಣ ಮುಂದೆ ಬರುವುದು ಅದೇ.

ನಮ್ಮೂರು ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿನವರಿಗೆ ಮನಸ್ಸು ಬಂದರೆ ನಿಲ್ಲಿಸುವಂಥ ಸಣ್ಣ ಊರು. ಊರಿನ ಸುತ್ತ ತೆಂಗಿನ ತೋಟ, ನಮ್ಮದೂ ಒಂದಿಷ್ಟು. ಮನೆ ಹೆಂಚಿನದು. ಹಳೆಯ ಅಡುಗೆಮನೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವ ತನಕ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರಬೇಕು. ಕೆಳಗಿನ ಒಲೆಯ ಕಾವು, ಹೊಗೆ ಎರಡೂ ಮೇಲಿನ ಕಾಯಿಗೆ ಒಳ್ಳೆಯದೆಂದು ನಮ್ಮ ಕಡೆಯವರ ನಂಬಿಕೆ. ಕಾಯಿಗೆ ಒಳ್ಳೆಯದೇ ಇರಬಹುದು. ಕೆಳಗೆ ಕೂತು ಬೇಯಿಸುವವಳಿಗೆ ಒಳ್ಳೆಯದಾ ಅಂತ ಯಾರೂ ಕೇಳಿರಲಿಲ್ಲ.

ಉರುವಲೂ ತೆಂಗಿನದೇ. ಸೋಗೆ, ಮಟ್ಟೆ, ಚಿಪ್ಪು. ಸೋಗೆ ಭುಗ್ಗೆಂದು ಉರಿದು ಅಷ್ಟೇ ಬೇಗ ಆರುತ್ತದೆ, ಮಟ್ಟೆ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ. ಅಮ್ಮ ಮದುವೆಯಾಗಿ ಬಂದ ದಿನದಿಂದ ಆ ಹೊಗೆಯಲ್ಲಿ ಊದುಕೊಳವೆ ಹಿಡಿದು ಕೂತವಳು. ಗೋಡೆ ಕಪ್ಪು, ತೊಲೆ ಕಪ್ಪು, ಪಾತ್ರೆಗಳ ತಳ ಕಪ್ಪು. ಹಗಲಲ್ಲೂ ಬಲ್ಬು ಹಾಕಿದರೆ ಮಾತ್ರ ಸಾರಿನ ಬಣ್ಣ ಕಾಣುತ್ತಿತ್ತು. ನಾನು ಚಿಕ್ಕವಳಿದ್ದಾಗ ಅಮ್ಮನ ಕಣ್ಣು ಹುಟ್ಟಿನಿಂದಲೇ ಕೆಂಪು ಎಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ನಮಗೂ ಗ್ಯಾಸ್ ಕನೆಕ್ಷನ್ ಸಿಕ್ಕಿತು. ಹಳೆಯ ಅಡುಗೆಮನೆಗೆ ತಾಗಿದಂತೆ ಒಂದು ಹೊಸ ಕೋಣೆ ಎಬ್ಬಿಸಿ, ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸುವುದೆಂದಾಯಿತು. ಕಟ್ಟೆಯ ಮೇಲೆ ಎಲ್ಲರ ಮನೆಯಲ್ಲೂ ಇದ್ದಂತೆ ಕರಿ ಕಡಪ ಕಲ್ಲು ಹಾಕಿಸೋಣವೆಂದು ಅಪ್ಪ ಹೇಳಿದರು. ಗಟ್ಟಿ, ಕಲೆ ಕಾಣುವುದಿಲ್ಲ, ನಾಳೆ ತಾಪತ್ರಯವಿಲ್ಲ. ಅಮ್ಮ ಯಾವತ್ತೂ ಅಪ್ಪನ ಮಾತಿಗೆ ಎದುರಾಡಿದವಳಲ್ಲ. ಎದುರಾಡುವ ಕೆಲಸವನ್ನೆಲ್ಲ ನಾನು ವಹಿಸಿಕೊಂಡಿದ್ದೆ. ಆದರೆ ಅವತ್ತು ಅವಳೇ ಅಂದಳು.

"ಕಪ್ಪು ನೋಡಿ ನೋಡಿ ಸಾಕಾಗೈತೆ ಕಣ್ರೀ. ನಂಗೆ ಬಿಳೀದೇ ಹಾಕ್ಸಿ."

ತಿಪಟೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಅವಳು ಬಿಳಿ ಮಾರ್ಬಲ್ಲಿನ ಕಟ್ಟೆ ನೋಡಿದ್ದಳು. ಎಲ್ಲರೂ ಊಟಕ್ಕೆ ಕೂತಾಗ ಒಬ್ಬಳೇ ಹೋಗಿ ಅದರ ಮೇಲೆ ಅಂಗೈ ಇಟ್ಟು ನೋಡಿದ್ದಳಂತೆ. ತಣ್ಣಗಿತ್ತಂತೆ. ಇಷ್ಟು ಮಾತ್ರ ಹೇಳಿದಳು. ಅಪ್ಪ ಸ್ವಲ್ಪ ಹೊತ್ತು ಮೀಸೆ ಕೆರೆದುಕೊಂಡು, "ಆಯ್ತು ಬುಡು" ಅಂದರು.

ಕಲ್ಲು ಟೆಂಪೋದಲ್ಲಿ ಬಂತು. ಕೂರಿಸಲು ಬಂದವರು ಮಿಷನ್ನು ಹಚ್ಚಿ ದಿನವೆಲ್ಲ ಪಾಲಿಶ್ ಮಾಡಿದರು. ಹಾಲಿನಂಥ ನೀರು ಬಚ್ಚಲ ಮೋರಿಯಿಂದ ಹರಿದು ಹಿತ್ತಿಲಿನ ತೆಂಗಿನ ಪಾತಿಗೆ ಹೋಗಿ ನಿಂತಿತು. ಸಂಜೆ ಒರೆಸಿ ನೋಡಿದರೆ ಕಿಟಕಿಯೇ ಕಲ್ಲಿನೊಳಗೆ ಕಾಣುತ್ತಿತ್ತು. ಹೊರಡುವಾಗ ಆ ಕೆಲಸದವರು ಒಂದು ಮಾತು ಹೇಳಿದರು. "ಅಮ್ಮಾ, ಇದಕ್ಕೆ ಹುಳಿ ಆಗಲ್ಲ ನೋಡಿ. ಹುಳಿ ಬಿದ್ರೆ ಪಾಲಿಶ್ ಹೊರಟೋಗುತ್ತೆ."

"ಹುಳಿ ಇಲ್ದೆ ನಮ್ಮನೇಲಿ ಏನಪ್ಪ ಬೇಯುತ್ತೆ?" ಎಂದು ಅಪ್ಪ ನಕ್ಕರು. ಎಲ್ಲರೂ ನಕ್ಕೆವು. ಹುಣಸೆಹಣ್ಣು, ನಿಂಬೆಹಣ್ಣು, ಮಜ್ಜಿಗೆ, ಟೊಮೇಟೊ. ಮುದ್ದೆ ಒಂದನ್ನು ಬಿಟ್ಟರೆ ನಮ್ಮ ಊಟದಲ್ಲಿ ಹುಳಿಯಿಲ್ಲದ್ದು ಯಾವುದೂ ಇರಲಿಲ್ಲ. ಬಿಳಿ ಪಂಚೆ ಉಟ್ಟುಕೊಂಡು ಕೆಸರುಗದ್ದೆಗೆ ಇಳಿದ ಹಾಗೆ ನಾವು ಆ ಅಡುಗೆಮನೆಗೆ ಕಾಲಿಟ್ಟೆವು.

ಆಗ ಮನೆಯಲ್ಲಿದ್ದವರು ನಾಲ್ಕು ಜನ. ಅಪ್ಪ, ಅಮ್ಮ, ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದ ನಾನು, ಮತ್ತೆ ಅಜ್ಜಿ, ಅಂದರೆ ಅಪ್ಪನ ತಾಯಿ. ತಾತ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಜ್ಜಿ ಒಲೆಯನ್ನು ಸೊಸೆಗೆ ಎಂದೋ ಬಿಟ್ಟುಕೊಟ್ಟಿದ್ದಳು, ಕಾಯಿಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕಾಯಿ ಒಡೆಯುವುದು, ತುರಿಯುವುದು, ಯಾವುದಕ್ಕೆ ಎಷ್ಟು ಹಾಕಬೇಕೆಂದು ಹೇಳುವುದು, ಎಲ್ಲ ಅವಳದೇ. ನಮ್ಮ ಸೀಮೆಯ ಅಡುಗೆಯಲ್ಲಿ ಕಾಯಿ ಯಾರ ಕೈಯಲ್ಲಿದೆಯೋ ಅರ್ಧ ಅಡುಗೆ ಅವರದೇ ಎಂದ ಹಾಗೆ. ಹೊಸ ಅಡುಗೆಮನೆಯಲ್ಲೂ ಬಾಗಿಲ ಪಕ್ಕ ನೆಲದ ಮೇಲೆ ತುರಿಮಣೆ ಹಾಕಿಕೊಂಡು ಕೂತಳು. ಹೊಸ ಕಟ್ಟೆ ಅಮ್ಮನ ಸೊಂಟದೆತ್ತರ. ಕೂತ ಅಜ್ಜಿಗೆ ಕಲ್ಲಿನ ಮೇಲ್ಮೈ ಕಾಣುತ್ತಲೇ ಇರಲಿಲ್ಲ, ಅಡಿಭಾಗವೇ ಕಾಣುತ್ತಿತ್ತು. "ಎಲ್ಲಾರೂ ಮೇಲೆ ಚೆಂದ ಚೆಂದ ಅಂತಾರೆ, ನಂಗೆ ಬರೀ ಸಿಮೆಂಟೇ ಕಾಣ್ತೈತಲ್ಲೇ ಮಗಾ" ಎಂದು ನನ್ನ ಹತ್ತಿರ ನಗುತ್ತಿದ್ದಳು.

ಮೊದಲ ಪೆಟ್ಟು ಅಪ್ಪನದು. ಒಂದು ದಿನ ಅಜ್ಜಿ ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಕಾಯಿ ಕೇಳಿದಳು. ಅಪ್ಪ ಸುಲಿದ ಕಾಯಿ ತಂದವರು, ಹುಟ್ಟಿದಾಗಿನಿಂದ ಯಾವ ಕಲ್ಲು ಕಂಡರೂ ಅದರ ಅಂಚಿಗೆ ಕಾಯಿ ಹೊಡೆದು ಅಭ್ಯಾಸವಾದ ಕೈಯಿಂದ, ಹೊಸ ಕಲ್ಲಿನ ಅಂಚಿಗೇ ಬಿಟ್ಟರು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಜೊತೆಗೆ ಉಗುರಿನಷ್ಟು ಮಾರ್ಬಲ್ಲೂ ಎಗರಿತು. ಅಪ್ಪ ಬಾಯಿ ಬಿಡದೆ ಹೋಗಿ ಬಿಳಿ ಸಿಮೆಂಟು ತಂದು ತುಂಬಿದರು. ಹಲ್ಲಿನ ತೂತಿಗೆ ತುಂಬಿದ ಹಾಗೆ ಅದು ಎದ್ದು ಕಾಣುತ್ತಿತ್ತು. ಅಮ್ಮ ಅಲ್ಲೊಂದು ಉಪ್ಪಿನ ಭರಣಿ ಇಟ್ಟು ಮರೆಮಾಡಿದಳು.

ಆಮೇಲೆ ಒಂದೊಂದೇ. ನಿಂಬೆಹೋಳು ಬೋರಲಾಗಿದ್ದ ಜಾಗದಲ್ಲಿ ದುಂಡಗೆ ಮಂಕು. ಮಜ್ಜಿಗೆ ಚೊಂಬಿನ ತಳದ ಬಳೆಯಾಕಾರ. ಅರಿಶಿನದ ಹಳದಿ, ಅದು ಹೇಗೋ ವಾರದಲ್ಲಿ ಬಿಸಿಲಿಗೆ ಮಾಸಿತು. ಮಂಕು ಮಾತ್ರ ಮಾಸಲಿಲ್ಲ. ಕಲೆಯಾದರೆ ತಿಕ್ಕಿದರೆ ಹೋಗುತ್ತದೆ, ಇದು ಕಲೆಯಲ್ಲ, ಹೊಳಪೇ ಇಲ್ಲದ ಜಾಗ. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಯುತ್ತಿದ್ದ ನನ್ನ ಬಾಯಿ ಸುಮ್ಮನಿರಲಿಲ್ಲ. ಮಿಕ್ಕಿದ್ದ ಕಲ್ಲಿನ ಚೂರೊಂದನ್ನು ತಂದು ಅದರ ಮೇಲೆ ನಿಂಬೆರಸ ಹಿಂಡಿ, ಸಣ್ಣ ಸಣ್ಣ ಗುಳ್ಳೆ ಏಳುವುದನ್ನು ಅಮ್ಮನಿಗೆ ತೋರಿಸಿದೆ. "ನೋಡಮ್ಮ, ಹುಳಿ ಕಲ್ಲನ್ನ ತಿಂತೈತೆ. ಸುಣ್ಣದ ಜಾತೀದೇ ಇದು."

"ಕಲ್ಲು ಹಾಕ್ಸೋಕೆ ಮುಂಚೆ ಹೇಳ್ಕೊಡಲ್ವೇನೇ ನಿಮ್ಮ ಕಾಲೇಜ್ನೋರು?" ಅಂದಳು ಅಮ್ಮ.

ಅವಳು ಮಡಿ ಹಿಡಿದವರ ಹಾಗೆ ಆ ಕಲ್ಲನ್ನು ಕಾಯತೊಡಗಿದಳು. ಹುಣಸೆಹಣ್ಣಿನ ಭರಣಿ ನೆಲಕ್ಕಿಳಿಯಿತು. ನಿಂಬೆಹಣ್ಣು ಹೆಚ್ಚುವುದು ಹಿತ್ತಿಲಿನಲ್ಲಿ. ಸಾರು ಬಡಿಸುವ ಸೌಟಿನ ಕೆಳಗೆ ತಟ್ಟೆ. ನಾನು ಒಂದು ಲೋಟ ಇಟ್ಟರೂ ಎತ್ತಿ ತಳ ನೋಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಕೆಲವು ಸಲ ಬೆಳಗಿನ ಹೊತ್ತು ಪಾತ್ರೆಯೆಲ್ಲ ಎತ್ತಿಟ್ಟು, ಬರಿ ಕಲ್ಲಿನ ಮೇಲೆ ಬಿಸಿಲು ಬಿದ್ದಿರುವಾಗ, ಅವಳು ಸುಮ್ಮನೆ ನಿಂತು ನೋಡುತ್ತಿದ್ದದ್ದನ್ನು ಕಂಡಿದ್ದೇನೆ. ಆಗ ಅವಳ ಮುಖದಲ್ಲಿದ್ದ ಖುಷಿ ಇನ್ಯಾವ ಒಡವೆಗೂ ಬಂದಿರಲಿಲ್ಲ. 

ಗೌರಿಹಬ್ಬ ಬಂತು. ಹಬ್ಬವೆಂದ ಮೇಲೆ ಹಿತ್ತಾಳೆ ದೀಪ, ತಾಮ್ರದ ಚೊಂಬು, ತಟ್ಟೆ ಎಲ್ಲ ಬೆಳಗಬೇಕು. ಬೆಳಗುವುದೆಂದರೆ ಹುಣಸೆಹಣ್ಣು, ಉಪ್ಪು. ನಮ್ಮಲ್ಲಿ ಬೇರೆ ದಾರಿಯೇ ಇಲ್ಲ. ಕೆಲಸದ ಗಡಿಬಿಡಿಯಲ್ಲಿ ಅಮ್ಮನೇ, ಅಷ್ಟು ಕಾದ ಅಮ್ಮನೇ, ಎಲ್ಲವನ್ನೂ ಕಟ್ಟೆಯ ಮೇಲೆ ಗುಡ್ಡೆ ಹಾಕಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ದೀಪ ಚಿನ್ನದ ಹಾಗೆ ಹೊಳೆಯಿತು. ತೊಳೆದು ಎತ್ತಿದ ಮೇಲೆ ನೋಡಿದರೆ ಕಟ್ಟೆಯ ನಡುಭಾಗವೆಲ್ಲ ಸುಣ್ಣ ಬಳಿದ ಗೋಡೆಯಂತೆ ಮಂಕಾಗಿತ್ತು. ಅಮ್ಮ ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಗೋಡೆಗೊರಗಿ ಕೂತು ಅತ್ತುಬಿಟ್ಟಳು. ಹಬ್ಬದ ದಿನ ಅಳಬಾರದೆಂದು ನಾನು ಹೇಳಿದ್ದಕ್ಕೆ ಇನ್ನೂ ಜಾಸ್ತಿ ಅತ್ತಳು. ಬಾಗಿಲ ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಸೊಸೆಯನ್ನೇ ನೋಡುತ್ತಿದ್ದಳು. 

ಹಬ್ಬ ಕಳೆದ ಮೇಲೆ ಅಮ್ಮ ತುರುವೇಕೆರೆಗೆ ಹೋದಳು. ಅವಳ ತಂಗಿಗೆ ಹೆರಿಗೆಯಾಗಿತ್ತು. ಅವಳಿಲ್ಲದ ಮನೆಯಲ್ಲಿ ಅಜ್ಜಿ ಸೊಂಟ ಕಟ್ಟಿದಳು.

ನಾನು ಕಾಲೇಜಿನಿಂದ ಬಂದಾಗ ಅಜ್ಜಿ ಕಟ್ಟೆಯ ಮುಂದೆ ನಿಂತಿದ್ದಳು. ನೋಯುವ ಮಂಡಿಯ ಅಜ್ಜಿ ನಿಂತಿದ್ದಳು ಎನ್ನುವುದೇ ನನಗೆ ಆಶ್ಚರ್ಯ. ಒಂದು ಕೈ ಗೋಡೆಗೆ ಊರಿ, ಇನ್ನೊಂದು ಕೈಯಿಂದ ಕಲ್ಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನಮ್ಮದೇ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆ, ಅವಳು ತನ್ನ ತಲೆಗೂ ಜಿಪುಣತನದಿಂದ ಹಚ್ಚಿಕೊಳ್ಳುತ್ತಿದ್ದದ್ದು. ಅಂಗೈಯಲ್ಲಿ ಸುರಿದುಕೊಂಡು, ಎಳೆಮಗುವಿನ ಬೆನ್ನಿಗೆ ತಿಕ್ಕುವ ಹಾಗೆ, ದುಂಡುದುಂಡಗೆ ತಿಕ್ಕುತ್ತಿದ್ದಳು.

"ನೋಡ್ ಮಗಾ, ಹೆಂಗೆ ಮಿರಮಿರ ಅಂತೈತೆ. ಕಲ್ಲಿಗೆ ಎಣ್ಣೆ ಕಾಣ್ಸಿ ಎಷ್ಟು ದಿನ ಆಗಿತ್ತೋ ಏನೋ, ಅದ್ಕೇ ಬಾಡ್ಕೊಂಡಿತ್ತು. ನಿಮ್ಮಮ್ಮ ಬರ್ಲಿ, ನೋಡಿ ಕುಣೀತಾಳೆ."

ಅವಳ ಲೆಕ್ಕ ತಪ್ಪೆಂದು ಯಾರು ಹೇಳುತ್ತಾರೆ? ನಮ್ಮೂರ ಗುಡಿಯ ಕರಿಕಲ್ಲಿನ ದೇವರಿಗೆ ಎಣ್ಣೆ ಹಚ್ಚಿಯೇ ಹೊಳಪು. ಒಣಗಿದ ಗಾಯಕ್ಕೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಎತ್ತಿನ ಕೊಂಬಿಗೆ ಎಣ್ಣೆ, ಜ್ವರ ಬಿಟ್ಟ ಮಗುವಿನ ನೆತ್ತಿಗೆ ಎಣ್ಣೆ. ಮಂಕಾದದ್ದು ಯಾವುದಾದರೂ ಸರಿ, ನಾವು ಕೊಬ್ಬರಿ ಎಣ್ಣೆ ಹಚ್ಚುವ ಜನ. ಅವತ್ತು ಸಂಜೆ ಆ ಕಲ್ಲು ನಿಜಕ್ಕೂ ಹೊಳೆಯುತ್ತಿತ್ತು. ನಾನೂ ಹಿಗ್ಗಿದೆ. ಅಪ್ಪ ಬಂದು ನೋಡಿ, "ಅವ್ವ ಅಂದ್ರೆ ಅವ್ವನೇ" ಅಂದರು. ಅಜ್ಜಿ ರಾತ್ರಿ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ಅಮ್ಮ ತುರುವೇಕೆರೆಯಿಂದ ಬರುವ ಹೊತ್ತಿಗೆ ಕಲ್ಲು ಎಣ್ಣೆಯನ್ನೆಲ್ಲ ಕುಡಿದು ಮುಗಿಸಿತ್ತು. ಹೊಳಪು ಎಲ್ಲಿ ಹೋಯಿತೋ. ಉಳಿದದ್ದು ಹಳೆಯ ಪೇಪರಿನ ಹಳದಿ. ಕೈ ಆಡಿದ ಕಡೆಯೆಲ್ಲ ಸುರುಳಿ ಸುರುಳಿ ಗುರುತು. ಮಂಕಾದರೂ ಬಿಳಿಯಾಗಿದ್ದ ಕಲ್ಲು ಈಗ ಬಿಳಿಯೂ ಆಗಿರಲಿಲ್ಲ. ಅಮ್ಮ ಚೀಲ ಕೆಳಗಿಡದೆ ಹಾಗೆಯೇ ನಿಂತಳು. ಅಜ್ಜಿ ಬಾಗಿಲ ಪಕ್ಕ ತುರಿಮಣೆಯ ಮೇಲೆ ಕೂತು, ಹೊಗಳಿಕೆಗೆ ಕಾಯುವ ಮುಖ ಮಾಡಿಕೊಂಡಿದ್ದಳು. ಪಾಪ, ಕೂತಲ್ಲಿಂದ ಅವಳಿಗೆ ಕಲ್ಲಿನ ಮೇಲೆ ಏನಾಗಿದೆಯೆಂದು ಕಾಣುತ್ತಿರಲಿಲ್ಲ.

"ಯಾರು ಮಾಡಿದ್ದು?" ಎಂದಳು ಅಮ್ಮ.

"ನಾನೇ ಕಣೇ. ನೀನು ಅತ್ಕೊಂಡು ಕೂತಿದ್ದೆಯಲ್ಲ, ಅದ್ಕೆ."

ಅಮ್ಮನ ಇಷ್ಟು ವರ್ಷದ ಹೊಗೆಯೆಲ್ಲ ಒಟ್ಟಿಗೆ ಹೊರಗೆ ಬಂತು. "ನಂದು ಅಂತ ಈ ಮನೇಲಿ ಇದ್ದಿದ್ದು ಇದೊಂದೇ ಅತ್ತೆ. ಇದನ್ನೂ ಬುಡ್ಲಿಲ್ವಲ್ಲ ನೀವು. ನಿಮ್ಮ ಕಾಲಿಗೆ ಬೀಳ್ತೀನಿ, ಇನ್ಮೇಲೆ ಈ ಒಳಕ್ಕೆ ಬರಬೇಡಿ."

ಅಜ್ಜಿ ಅರ್ಧ ತುರಿದ ಹೋಳನ್ನು ತಟ್ಟೆಯಲ್ಲಿಟ್ಟಳು. ತುರಿಮಣೆ ಎತ್ತಿಕೊಂಡು, ಗೋಡೆ ಹಿಡಿದು ಎದ್ದು, ಹಿತ್ತಿಲಿಗೆ ಹೋದಳು. ಮಾರನೆಯ ಬೆಳಗ್ಗೆ ಹಿತ್ತಿಲಿನ ಚಪ್ಪರದ ಪಕ್ಕ ಮೂರು ಕಲ್ಲು ಹೂಡಿ, ಸೋಗೆ ಉರಿ ಹಾಕಿ, ತನ್ನ ಪಾಡಿಗೆ ತಾನು ಮುದ್ದೆ ತಿರುವುತ್ತಿದ್ದಳು.

ಬೇರೆಯವರಿಗೆ ಇದು ಮುನಿಸು ಎನ್ನಿಸಬಹುದು. ನಮ್ಮ ಕಡೆಯವರಿಗೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಅಣ್ಣತಮ್ಮಂದಿರು ಭಾಗವಾದಾಗ ಜಮೀನಿಗಿಂತ ಮೊದಲು ಬೇರೆಯಾಗುವುದು ಒಲೆ. ಒಂದೇ ಮನೆಯಿಂದ ಎರಡು ಕಡೆ ಹೊಗೆ ಎದ್ದರೆ ಆ ಮನೆ ಎರಡಾಯಿತೆಂದೇ ಊರು ತಿಳಿಯುತ್ತದೆ. ಭಾಗ ಮಾಡಿಕೊಳ್ಳಲು ಅಪ್ಪನಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ಒಂದು ಕಲ್ಲಿಗಾಗಿ ತಾಯಿಯೂ ಹೆಂಡತಿಯೂ ಭಾಗವಾದರಲ್ಲ ಎಂದು ಅಪ್ಪ ತೋಟದಲ್ಲೇ ಹೊತ್ತು ಕಳೆಯತೊಡಗಿದರು. ಹಿತ್ತಿಲಿನ ಬಾವಿಗೆ ನೀರಿಗೆ ಬಂದ ಹೆಂಗಸರು ಹೊಗೆ ನೋಡಿ, "ಏನ್ ಅಜ್ಜಿ, ಹೊರಗೇ ಮಾಡ್ಕೊಂಡ್ರಾ?" ಎಂದು ಕೇಳುತ್ತಿದ್ದರು. ಅಜ್ಜಿ ನೀರಿನ ಕಡೆ ನೋಡಿಕೊಂಡು, "ಗ್ಯಾಸಿಂದು ನಂಗೆ ಒಗ್ಗಲ್ಲ ಕಣಮ್ಮ" ಎನ್ನುತ್ತಿದ್ದಳು. ಅಷ್ಟರಮಟ್ಟಿಗೆ ಅವಳು ಸೊಸೆಯ ಮಾನ ಉಳಿಸಿದಳು.

ಅಪ್ಪನ ಪಾಡು ಮಾತ್ರ ನಗು ತರಿಸುವಂತಿತ್ತು. ಒಳಗೆ ಅಮ್ಮ ಕೊಟ್ಟ ಮುದ್ದೆ ಉಂಡು, ಕೈ ತೊಳೆಯುವ ನೆವದಲ್ಲಿ ಹಿತ್ತಿಲಿಗೆ ಹೋಗಿ ಅಜ್ಜಿಯ ಮುದ್ದೆಯನ್ನೂ ಉಣ್ಣುತ್ತಿದ್ದರು. ಇಬ್ಬರಲ್ಲಿ ಯಾರಿಗೂ ಬೇಡವೆನ್ನುವ ಧೈರ್ಯ ಅವರಿಗಿಲ್ಲ. ಉಂಡು ಉಂಡು ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಬಿದ್ದುಕೊಂಡಿರುತ್ತಿದ್ದರು. ನಾನು ಎರಡೂ ಕಡೆ ಸುದ್ದಿ ಒಯ್ಯುವವಳು. ಅಮ್ಮನ ಸಾರಿಗೆ ಕಾಯಿರುಚಿ ಇಲ್ಲವಾಗಿತ್ತು, ಅಜ್ಜಿಯ ಸಾರಿಗೆ ಕಾರ ಸಾಲದು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಅಡುಗೆ ಮಾಡಿ ಗೊತ್ತಿದ್ದವರಲ್ಲ.

ಅಮ್ಮ ಹಗಲೆಲ್ಲ ಆ ಕಲೆಯ ಜೊತೆ ಹೋರಾಡಿದಳು. ಸೀಗೆಪುಡಿ ಹಾಕಿ ತಿಕ್ಕಿದಳು, ಇನ್ನೊಂದಿಷ್ಟು ಹಳದಿಯಾಯಿತು. ಸೀಮೆಎಣ್ಣೆ ಒರೆಸಿದಳು, ಮನೆಯೆಲ್ಲ ವಾಸನೆಯಾಯಿತು. ತೆಂಗಿನನಾರಿಗೆ ಬೂದಿ ಹಚ್ಚಿ ತಿಕ್ಕಿದಳು, ಸಣ್ಣ ಸಣ್ಣ ಗೀರು ಬಂದವು. ಕೊನೆಗೆ ಅವಳಿಗೇ ಹೊಳೆಯಿತು. ರೇಷ್ಮೆ ಸೀರೆಗೆ ದೀಪದ ಎಣ್ಣೆ ಚೆಲ್ಲಿದರೆ ಏನು ಮಾಡುತ್ತೇವೆ? ಮುಖಕ್ಕೆ ಹಾಕುವ ಪೌಡರ್ ಸುರಿದು ಇಡುತ್ತೇವೆ, ಅದು ಎಣ್ಣೆ ಎಳೆದುಕೊಳ್ಳುತ್ತದೆ. ನನ್ನ ಪೌಡರ್ ಡಬ್ಬಿಯನ್ನು ಕೇಳದೆ ತೆಗೆದುಕೊಂಡು ಕಲ್ಲಿನ ಮೇಲೆ ಖಾಲಿ ಮಾಡಿದಳು. ಅಂಗಡಿಯಿಂದ ಇನ್ನೂ ಎರಡು ಬಂದವು. ಆಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ದೋಸೆಹಿಟ್ಟಿನ ಹದದಲ್ಲಿ ಬಳಿದು, ಮೇಲೆ ತೊಳೆದ ಗೊಬ್ಬರದ ಚೀಲ ಹೊದಿಸಿ, ಗಾಳಿಯಾಡದಂತೆ ಅಂಚಿಗೆ ಗುಂಡುಕಲ್ಲು ಇಟ್ಟಳು. ಮದುವೆಮನೆಯ ಹೆಣ್ಣಿನ ಕೋಣೆಯಂತೆ ಅಡುಗೆಮನೆ ಘಮಘಮ ಎನ್ನುತ್ತಿತ್ತು. ಅನ್ನದಲ್ಲೂ ಪೌಡರಿನ ವಾಸನೆ ಎಂದು ನಾನು ಜಗಳ ತೆಗೆದೆ.

ಚೀಲ ತೆಗೆದು, ಒಣಗಿದ್ದನ್ನು ಕೆರೆದು ಒರೆಸಿದಾಗ ಕಲ್ಲು ನಿಜಕ್ಕೂ ಬೆಳ್ಳಗಾಗಿತ್ತು. ಪೂರ್ತಿಯಲ್ಲ, ಸುರುಳಿ ಗುರುತುಗಳು ಇನ್ನೂ ತೆಳ್ಳಗೆ ಕಾಣುತ್ತಿದ್ದವು. ಅಮ್ಮ ಮತ್ತೆ ಬಳಿದಳು, ಮತ್ತೆ ಹೊದಿಸಿದಳು. ಪ್ರತಿಸಲ ಚೀಲ ಎತ್ತುವಾಗಲೂ ಅವಳ ಕಣ್ಣು ಹಿತ್ತಿಲಿನ ಬಾಗಿಲ ಕಡೆ ಹೋಗುತ್ತಿತ್ತು. ಕಲೆ ಹೋದರೆ ತಾನು ಆಡಿದ ಮಾತೂ ಹೋಗುತ್ತದೆ ಎಂದು ಅವಳು ಎಣಿಸಿದ್ದಳೆಂದು ನನಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಮಾತು ನಮಗೆ ಬಾಯಿಗೆ ಬರುವುದಿಲ್ಲ, ಕೈಗೆ ಬರುತ್ತದೆ.

"ಅಜ್ಜಿಗೆ ಹೇಳು, ಹೋಗ್ತಾ ಐತೆ ಅಂತ" ಎಂದಳು ಒಂದು ದಿನ.

ನಾನು ಹೋಗಿ ಹೇಳಿದೆ. ಅಜ್ಜಿ ಒಲೆಗೆ ಚಿಪ್ಪು ತುರುಕುತ್ತ, "ಹೋದ್ರೆ ಒಳ್ಳೇದೇ ಕಣ್ ಮಗಾ. ನಾನು ಮುಟ್ಟಿದ್ದು ಅಷ್ಟು ಕಷ್ಟ ಪಟ್ಟು ಅಳಿಸ್ಬೇಕಾಯ್ತಲ್ಲ, ಪಾಪ" ಅಂದಳು. ಅವಳ ದನಿಯಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ, ಅದಕ್ಕೇ ಕೇಳಿಸಿಕೊಳ್ಳಲಾಗಲಿಲ್ಲ. ನಾನು ಒಳಗೆ ಹೋಗಿ ಅಮ್ಮನಿಗೆ, "ಒಳ್ಳೇದಂತೆ" ಎಂದಷ್ಟೇ ಹೇಳಿದೆ.

ಇದರ ನಡುವೆ ಪಿತೃಪಕ್ಷದ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರ ಹಬ್ಬ. ತಾತನಿಗೆ ಹೊಸ ಬಟ್ಟೆ ಇಟ್ಟು, ಬಾಳೆಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಒಂದು ಬೀಡಿಕಟ್ಟೂ ಇಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ಕಾಯುತ್ತೇವೆ. ಆ ಎಡೆಯ ಅಡುಗೆ ಮನೆಯ ಒಲೆಯಿಂದಲೇ ಬರಬೇಕು. ಈಗ ಮನೆಯ ಒಲೆ ಯಾವುದು? "ನಮ್ಮೋರ ಎಡೆ ನಾನೇ ಮಾಡ್ಕೊತೀನಿ, ಹೊರಗೇ" ಅಂದಳು ಅಜ್ಜಿ. "ಮಾವನ ಎಡೆ ಮನೆಯೊಳಗೆ ಆಗ್ಬೇಕು" ಅಂದಳು ಅಮ್ಮ. ಇಬ್ಬರೂ ಹೇಳಿದ್ದು ನನಗೆ. ಹಿಂದಿನ ದಿನ ಕಡಲೆಬೇಳೆ ಎರಡು ಕಡೆ ನೆನೆಯಿತು.

ಹಬ್ಬದ ಬೆಳಗ್ಗೆ ಹಿತ್ತಿಲಿನಲ್ಲಿ ಸೋಗೆ ಹೊಗೆ, ಒಳಗೆ ಗ್ಯಾಸಿನ ಸದ್ದು. ಅಪ್ಪ ಕುಡುಗೋಲು ಹಿಡಿದು ಬಾಳೆಗಿಡದ ಹತ್ತಿರ ನಿಂತು, ಒಳಗಿನವರಿಗೂ ಹೊರಗಿನವರಿಗೂ ಕೇಳುವಷ್ಟು ಜೋರಾಗಿ ನನ್ನನ್ನು ಕೂಗಿ ಕೇಳಿದರು. "ಲೇ ಮಗಾ, ಅಪ್ಪಂಗೆ ಎಷ್ಟು ಎಲೆ ಕುಯ್ಯಲಿ? ಒಂದಾ, ಎರಡಾ?"

 ಸತ್ತ ಅಪ್ಪನನ್ನೂ ಭಾಗ ಮಾಡಬೇಕಾಯಿತಲ್ಲ ಎನ್ನುವ ಸಂಕಟ ಆ ದನಿಯಲ್ಲಿತ್ತು.   ಅಮ್ಮ ಬೇಳೆಯ ಪಾತ್ರೆಯ ಮುಂದೆ ಸೌಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗ್ಯಾಸ್ ಆರಿಸಿದಳು. ಬೆಂದ ಬೇಳೆ, ಬೆಲ್ಲದ ತಟ್ಟೆ ಎರಡನ್ನೂ ಎತ್ತಿಕೊಂಡು, ಕಾಲಿನಿಂದಲೇ ಬಾಗಿಲು ತಳ್ಳಿ, ಹಿತ್ತಿಲಿಗೆ ಹೋಗಿ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅಜ್ಜಿ ತಲೆಯೆತ್ತಲಿಲ್ಲ. ಆದರೆ ತನ್ನ ಮಣೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು.

ಗಾಳಿ ತಿರುಗಿ ಹೊಗೆಯೆಲ್ಲ ಅಮ್ಮನ ಮುಖಕ್ಕೇ ಬಂತು.

"ಒಳಗೆ ಗ್ಯಾಸ್ ಇಟ್ಕೊಂಡು ಇಲ್ಯಾಕೆ ಬಂದೆ? ಕಣ್ಣು ಹಾಳಾಗ್ತವೆ, ಹೋಗು" ಅಂದಳು ಅಜ್ಜಿ.

"ಹೊಗೆ ನಂಗೇನ್ ಹೊಸದಾ ಅತ್ತೆ" ಎಂದು ಅಮ್ಮ ಊದುಕೊಳವೆ ತೆಗೆದುಕೊಂಡಳು.

ಇಷ್ಟೇ ಮಾತು. ಅಜ್ಜಿ ಕಾಯಿ ಒಡೆದಳು, ತುರಿದಳು, ಇಷ್ಟು ಹಾಕು ಎಂದು ಕೈಯಲ್ಲಿ ತೋರಿಸಿದಳು. ಅಮ್ಮ ಹಾಕಿದಳು. ಹೋಳಿಗೆಗೆ ಹೂರಣ, ಕಾಯಿಹಾಲಿನ ಪಾಯಸ, ದೊಡ್ಡ ಪಾತ್ರೆಯಲ್ಲಿ ಸಾರು. ನಾನು ಸೋಗೆ ಮುರಿದು ಕೊಡುತ್ತ ಕೂತೆ. ಎಲ್ಲ ಮುಗಿಯುವ ಹೊತ್ತಿಗೆ ದಪ್ಪ ಹನಿ ಬೀಳತೊಡಗಿದವು. ಆ ತಿಂಗಳ ಮಳೆಗೆ ಹೇಳಿ ಕೇಳಿ ಬರುವ ಅಭ್ಯಾಸವಿಲ್ಲ. ಅಮ್ಮ ಪಾಯಸ ಎತ್ತಿಕೊಂಡು ಓಡಿದಳು. ಅಜ್ಜಿ ಸಾರಿನ ಪಾತ್ರೆಗೆ ಬಟ್ಟೆ ಹಿಡಿದು, ಮಂಡಿ ನೋವನ್ನೂ ಮರೆತು, ಹಿಂದೆಯೇ ಬಂದಳು. ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ಗಕ್ಕನೆ ನಿಂತಳು.

ಬಿಸಿ ಪಾತ್ರೆಯನ್ನು ಹಿಡಿದು ಎಷ್ಟು ಹೊತ್ತು ನಿಲ್ಲಲು ಸಾಧ್ಯ? ಅವಳು ಒಳಗೆ ಒಂದು ಹೆಜ್ಜೆ ಇಟ್ಟು, ನೆಲದ ಮೇಲೆ ಇಡಲು ಬಗ್ಗತೊಡಗಿದಳು. ಬಗ್ಗಲು ಆಗುತ್ತಿರಲಿಲ್ಲ.

"ಕೆಳಗ್ಯಾಕೆ ಅತ್ತೆ? ಮೇಲಿಡಿ" ಅಂದಳು ಅಮ್ಮ.

"ತಳವೆಲ್ಲ ಮಸಿ ಕಣೇ."

"ಇರ್ಲಿ ಇಡಿ. ಕಲ್ಲಿರೋದೇ ಪಾತ್ರೆ ಇಡೋಕೆ."

ಅಜ್ಜಿ ಸೊಸೆಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ, ಮಲಗಿದ ಮಗುವನ್ನು ಇಳಿಸುವ ಹಾಗೆ, ಸದ್ದಾಗದಂತೆ ಆ ಮಸಿಪಾತ್ರೆಯನ್ನು ಬಿಳಿಕಲ್ಲಿನ ನಡುಮಧ್ಯದಲ್ಲಿ ಇಟ್ಟಳು. ಪಾತ್ರೆಯ ಅಂಚಿನಿಂದ ಹುಳಿಸಾರು ತುಳುಕಿ, ಮಸಿಯ ಜೊತೆ ಬೆರೆತು, ಕಲ್ಲಿನ ಮೇಲೆ ಹರಿಯತೊಡಗಿತು. ಇಷ್ಟು ದಿನದ ಅಭ್ಯಾಸಬಲದಿಂದ ನಾನು ಬಟ್ಟೆ ಹುಡುಕಿಕೊಂಡು ಓಡಿದೆ.

ಅಮ್ಮ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ಅದಿರ್ಲಿ ಬುಡು. ಅಪ್ಪನ ಹತ್ರ ಹೋಗಿ ಎಲೆ ಇಸ್ಕೊಂಡ್ ಬಾ. ಒಂದೇ ಸಾಕು ಅನ್ನು."